ಬಾಗಿಲಿನ ಕೆಳಗಿನ ತಗಡು

ಹಳೆಯ ಕಾರಿಗೆ ತುಕ್ಕು ಮೇಲಿನಿಂದ ಹಿಡಿಯುತ್ತದೆಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಒಳಗೆ ಹುಟ್ಟಿ ಹೊರಗೆ ಬರುತ್ತದೆ. ಕಿಟಕಿಯ ಗಾಜಿನ ಅಂಚಿನಲ್ಲಿ ಇಳಿದ ಮಳೆನೀರು ಬಾಗಿಲಿನ ತಳದ ಸಣ್ಣ ರಂಧ್ರಗಳ ಮೂಲಕ ಹೊರಗೆ ಹರಿಯಬೇಕು. ರಂಧ್ರಗಳಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ಅಲ್ಲಿಯೇ ನಿಲ್ಲುತ್ತದೆ. ಅಲ್ಯೂಮಿನಿಯಮ್ಮಿನ ಮೇಲೆ ಕಟ್ಟುವ ಆಕ್ಸೈಡಿನ ಪೊರೆ ತನ್ನಡಿಯ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ, ಬಣ್ಣವನ್ನು ಮೇಲೆತ್ತುತ್ತದೆ, ತೇವವನ್ನು ಹಿಡಿದಿಟ್ಟುಕೊಂಡು ಉಳಿದ ಲೋಹಕ್ಕೆ ಉಣಿಸುತ್ತದೆ. ಗಾಳಿಯಲ್ಲಿ ಉಪ್ಪಿನಂಶವಿದ್ದರೆ ಈ ಕೆಲಸ ಇನ್ನಷ್ಟು ಬೇಗ ನಡೆಯುತ್ತದೆ. ಹೊರಗೆ ಒಂದು ಸಣ್ಣ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಅಂಗೈಯಗಲದ ತಗಡು ಹೋಗಿರುವುದು ಅಪರೂಪವೇನಲ್ಲ.

ಮೂಡುಬಿದಿರೆಯ ಬಳಿ ವಾಸಿಸುವ ನಿವೃತ್ತ ಅಧ್ಯಾಪಕರೊಬ್ಬರ ಮನೆಯ ಕೊಟ್ಟಿಗೆಯಲ್ಲಿ 1968ರ ಫಿಯೆಟ್ 1100 ಡಿಲೈಟ್ ಕಾರೊಂದು ಹನ್ನೊಂದು ವರ್ಷಗಳಿಂದ ನಿಂತಿತ್ತು. ಅವರ ತಂದೆಯವರು ಕೊಂಡದ್ದು. ಮಂಗಳೂರಿನ ಕಡಲಗಾಳಿಯಲ್ಲಿ ದಶಕಗಳ ಕಾಲ ಓಡಿದ್ದು. ಗುಜರಿಗೆ ಕೊಡಬೇಕೆಂದು ಮಕ್ಕಳು ಆಗಾಗ ಹೇಳುತ್ತಿದ್ದರು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಕಂಡು ಬಂದ ಮೊಮ್ಮಗಳು ಮಾತ್ರ, ತನ್ನ ಮದುವೆಯ ದಿನ ಮನೆಯಿಂದ ಮಂಟಪಕ್ಕೆ ಮುತ್ತಜ್ಜನ ಕಾರಿನಲ್ಲಿಯೇ ಹೋಗಬೇಕೆಂದು ಹಟ ಹಿಡಿದಳು. ಅಜ್ಜ ಒಪ್ಪಿದರು. “ಇಷ್ಟು ದಿನ ಮರೆತಿದ್ದ ಪರಿಗ್ರಹ ಮತ್ತೆ ನೆನಪಾಯಿತು” ಎಂದು ಅವರ ಪತ್ನಿ ನಕ್ಕರಂತೆ. ಮದುವೆಗೆ ಇನ್ನೂ ಏಳು ತಿಂಗಳಿತ್ತು.

ಈ ಕಾರಿನ ಒಂದು ಅನುಕೂಲವೆಂದರೆ ಬಿಡಿಭಾಗಗಳು. ಇದೇ ವಿನ್ಯಾಸವು 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಕಾಲು ಶತಮಾನದಷ್ಟು ಕಾಲ ತಯಾರಾಯಿತು. ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿರ್ಗಮಿಸಿದ್ದು 2023ರ ಅಕ್ಟೋಬರಿನಲ್ಲಿ. ಆದ್ದರಿಂದ ಎಂಜಿನ್ನಿನ ಕೆಲಸ ಹೆಚ್ಚು ಕಾಡಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕೈಯಿಂದಲೇ ತಿರುಗಿಸಿದಾಗ 1089 ಸಿ.ಸಿ.ಯ ಆ ಎಂಜಿನ್ ಸಡಿಲಗೊಂಡಿತು. ಹೊಗೆಕೊಳವೆಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟಿದ್ದವು. ಅವು ಹಾರಿಹೋಗುವವರೆಗೆ ಚಾಲೂ ಮಾಡುವುದು ಬೇಡವೆಂದು ಪತ್ನಿ ಹೇಳಿದರು; ಅದಕ್ಕೆ ಮೂರು ವಾರ ಹಿಡಿಯಿತು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಒಣಗಿದ್ದಾಗಲೇ ಉಜ್ಜಿದರೆ ಆ ಧೂಳು ಮನೆಯ ಮಕ್ಕಳ ಉಸಿರಿಗೆ ಸೇರುತ್ತದೆ. ನೀರು ಹಾಕಿ ಉಜ್ಜುವ ಕ್ರಮವನ್ನೇ ಅವರು ಅನುಸರಿಸಿದರು. ಅಂಗಳದಲ್ಲಿ ಕಾರು ಉಜ್ಜುವವರೆಲ್ಲರೂ ಇದನ್ನು ಗಮನದಲ್ಲಿಡಬೇಕು.

ತೊಡಕು ಕಂಡದ್ದು ಎಡಭಾಗದ ಬಾಗಿಲುಗಳ ಕೆಳಗೆ. ಅಲ್ಲಿ ಉದ್ದಕ್ಕೂ ಪೆಟ್ಟಿಗೆಯಂಥ ತಗಡಿನ ತೊಲೆಯೊಂದು ಹೋಗುತ್ತದೆ. ಲಾರಿಗೆ ಪ್ರತ್ಯೇಕ ಚಾಸಿಸ್ ಇರುವಂತೆ ಈ ಕಾರಿಗಿಲ್ಲ. 1953ರಲ್ಲಿ ಇಟಲಿಯಲ್ಲಿ ಹೊರಬಂದ ಮೂಲ 1100-103 ಮಾದರಿಯಿಂದಲೂ ದೇಹವೇ ಇದರ ಅಸ್ಥಿಪಂಜರ. ಪ್ರಯಾಣಿಕರ ಭಾರವನ್ನು, ರಸ್ತೆಯ ಹೊಡೆತವನ್ನು ಹೊರುವ ಭಾಗಗಳಲ್ಲಿ ಆ ತೊಲೆ ಮುಖ್ಯವಾದದ್ದು. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಅದರ ಮೇಲೆ ಎಳೆದಾಗ ಒಂದೂವರೆ ಅಡಿಯಷ್ಟು ಕಡೆ ಅದು ಅಂಟಲೇ ಇಲ್ಲ. ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದರೆ ಲೋಹದ ನಾದ ಬರಲಿಲ್ಲ. ಹಸಿ ಗೋಡೆಗೆ ತಟ್ಟಿದಂತೆ ಮಂಕು ಸದ್ದು. ಕೆರೆದು ನೋಡಿದರೆ ಬೆರಳಿನಷ್ಟು ದಪ್ಪ ಪುಟ್ಟಿ, ಅದರ ಹಿಂದೆ ಚೀಲದ ತುಂಡು, ಅದರ ಹಿಂದೆ ತುಕ್ಕಿನ ಪುಡಿ. ಎಂದೋ ಯಾರೋ ಮೆತ್ತಿ, ಬಣ್ಣ ಬಳಿದು, ಹಣ ಪಡೆದು ಹೋಗಿದ್ದರು. ಎಡಗಡೆಯ ಹಿಂದಿನ ಸೀಟು ಅಧ್ಯಾಪಕರ ತಾಯಿಯವರದು. ಕೊನೆಯ ವರ್ಷಗಳಲ್ಲಿ ಆಸ್ಪತ್ರೆಗೂ ಬಸದಿಗೂ ಅವರು ಹೋಗಿ ಬಂದದ್ದು ಈ ಚೀಲದ ತುಂಡಿನ ಮೇಲೆಯೇ.

ಮದುವೆಗೆ ಆಗ ಐದು ವಾರಗಳು ಉಳಿದಿದ್ದವು. ಟಿಂಕರ್ ಕೆಲಸದವನು ನುರಿತವನು, ಮುಚ್ಚುಮರೆ ಇಲ್ಲದವನು. “ಮಾಷ್ಟ್ರೇ, ಇದನ್ನು ಕತ್ತರಿಸಿ ಹೊಸ ತಗಡು ಕೂರಿಸಲು ಎರಡು ತಿಂಗಳಾದರೂ ಬೇಕು. ಪುಟ್ಟಿಯಾದರೆ ಎರಡು ದಿನ. ನೋಂದಣಿ ನವೀಕರಣಕ್ಕೆ ಒಯ್ದರೂ ಅಡಿಯಲ್ಲಿ ಚುಚ್ಚಿ ನೋಡುವವರು ಯಾರೂ ಇಲ್ಲ” ಎಂದ. ಮೊಮ್ಮಗಳ ವಾದ ಇನ್ನೂ ಬಲವಾದದ್ದು: “ನಾಲ್ಕು ಕಿಲೋಮೀಟರ್ ತಾನೇ ಅಜ್ಜ? ಒಂದು ದಿನಕ್ಕೆ ಪುಟ್ಟಿ ಇರಲಿ, ಮದುವೆ ಮುಗಿದ ಮೇಲೆ ಕತ್ತರಿಸಿದರಾಯಿತು.”

ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಿಧಾನವಾಗಿ ಓಡಿಸಿದರೆ ನಾಲ್ಕು ಕಿಲೋಮೀಟರಿನಲ್ಲಿ ಆ ತೊಲೆ ಬಹುಶಃ ಮುರಿಯುತ್ತಲೂ ಇರಲಿಲ್ಲ. ಆದರೆ ಮದುವೆಯ ದಿನ ಮುಗಿಯಿತೆಂದು ಪುಟ್ಟಿ ತಾನಾಗಿ ಎದ್ದು ಹೋಗುವುದಿಲ್ಲ. ಹೊಸ ಬಣ್ಣ ಕಂಡ ಕಾರನ್ನು ಮರುದಿನ ಮತ್ತೆ ಕತ್ತರಿಸಲು ಯಾರಿಗೆ ಮನಸ್ಸು ಬರುತ್ತದೆ? ಮೊದಲು ಮೆತ್ತಿದವನೂ ‘ಸದ್ಯಕ್ಕೆ’ ಎಂದೇ ಮೆತ್ತಿರಬಹುದು. ಅಧ್ಯಾಪಕರು ಎರಡು ದಿನ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿ ಬಂದರು. ಮೊಮ್ಮಗಳು ಅತ್ತಳು, ಕೊಟ್ಟ ಮಾತಿಗೆ ತಪ್ಪಿದರೆಂದು ಮನೆಯಲ್ಲಿ ಅನೇಕರು ಆಡಿಕೊಂಡರು. ಆಡಿಕೊಂಡದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮಾತು ಕೊಟ್ಟದ್ದು ನಿಜ, ತಪ್ಪಿದ್ದೂ ನಿಜ.

ಮದುವೆಯ ನಂತರ ಕೆಲಸ ಕ್ರಮವಾಗಿ ನಡೆಯಿತು. ಮೊದಲು ಬ್ಯಾಟರಿಯನ್ನು ತೆಗೆದು, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟರು. ಬೆಸುಗೆಯ ಕಿಡಿಗೆ ಖಾಲಿ ಟ್ಯಾಂಕಿನ ಆವಿಯೂ ಅಪಾಯಕಾರಿಯೇ. ಕಾರನ್ನು ಬರಿಯ ಜಾಕಿಯ ಮೇಲೆ ನಂಬಿ ಬಿಡದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ತೊಲೆಯನ್ನು ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಪಟ್ಟಿಯನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಇಲ್ಲವಾದರೆ ನಡುವೆ ಕುಸಿದ ದೇಹ ಹಾಗೆಯೇ ಬೆಸುಗೆಗೊಂಡು, ಮುಂದೆಂದೂ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ತುಕ್ಕು ಕಂಡಷ್ಟನ್ನೇ ತೆಗೆದರೆ ಸಾಲದು. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು. ಆ ಗೆರೆ ಸದಾ ನಿರೀಕ್ಷೆಗಿಂತ ದೂರವೇ ಇರುತ್ತದೆ. ಒಂದೂವರೆ ಅಡಿ ಎಂದುಕೊಂಡದ್ದು ಮೂರಡಿಯಾಯಿತು. 20 ಗೇಜಿನ ತಗಡನ್ನು ಮೂಲದ ಆಕಾರಕ್ಕೆ ಬಗ್ಗಿಸಿ, ತಗಡು ಕಾದು ಸೊಟ್ಟಗಾಗದಂತೆ ಅಲ್ಲಲ್ಲಿ ಚುಕ್ಕೆಗಳಾಗಿ ಬೆಸೆದು, ಆಮೇಲೆ ಕೂಡಿಸಿದರು. ಒಳಗೆ ಸತುವಿನ ಪ್ರೈಮರ್, ಅದರ ಮೇಲೆ ಮೇಣದ ಲೇಪ, ತಳದಲ್ಲಿ ನೀರು ಹರಿಯಲು ರಂಧ್ರಗಳು. ಕೊನೆಗೆ ಬೆಸುಗೆಯ ಗೆರೆಯನ್ನು ನುಣುಪು ಮಾಡಲು ಪುಟ್ಟಿಯನ್ನೂ ಬಳಸಿದರು, ಒಂದೆರಡು ಮಿಲಿಮೀಟರಿನಷ್ಟು. ಪುಟ್ಟಿಯನ್ನು ದೂಷಿಸಿ ಫಲವಿಲ್ಲ. ಗಟ್ಟಿ ತಗಡಿನ ಮೇಲೆ ಅದು ಒಳ್ಳೆಯ ಸಾಧನವೇ.

ಇಷ್ಟನ್ನೂ ಅಧ್ಯಾಪಕರು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕತ್ತರಿಸಿದ ಜಾಗದ ಛಾಯಾಚಿತ್ರಗಳನ್ನೂ ಅಂಟಿಸಿ ಇಟ್ಟಿದ್ದರು. ಮುಂದೆ ಆ ಕಾರು ಯಾರ ಕೈಗೆ ಹೋದರೂ ಬಣ್ಣದಡಿಯಲ್ಲಿ ಏನಿದೆಯೆಂಬುದು ಅವರಿಗೆ ತಿಳಿದಿರಬೇಕೆಂಬುದು ಅವರ ಉದ್ದೇಶ. ಆ ನೋಟ್‌ಬುಕ್ಕಿನಿಂದಲೇ ಹೊಸ ಸಂಕಟ ಹುಟ್ಟಿತು. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಆದರೆ ಅದು ಮೂಲ ಸ್ವರೂಪದಲ್ಲಿರಬೇಕು. ಚಾಸಿಸ್, ದೇಹ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಮೂರಡಿ ತಗಡನ್ನು ಅದೇ ಆಕಾರದಲ್ಲಿ ಬದಲಿಸಿದ್ದು ದುರಸ್ತಿಯೇ, ಮಾರ್ಪಾಡೇ? ಪುಟ್ಟಿ ಮೆತ್ತಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ ಎಂಬುದು ವಿಚಿತ್ರವಾದರೂ ಸತ್ಯ. ನೋಟ್‌ಬುಕ್ಕನ್ನು ತೋರಿಸುವ ಅಗತ್ಯವಿಲ್ಲ, ಕೇಳಿದರೆ ಮಾತ್ರ ಹೇಳಿದರಾಯಿತು ಎಂದು ಮಗ ಸಲಹೆಯಿತ್ತನು.

ಅಧ್ಯಾಪಕರು ಅದರ ಪುಟಗಳ ನಕಲನ್ನು ಅರ್ಜಿಯೊಂದಿಗೆ ಲಗತ್ತಿಸಿ ಕಳುಹಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.