ವದಂತಿಯೂ ಪ್ರಮಾಣವೂ

ಅನೇಕಾಂತವನ್ನು ‘ಎಲ್ಲರ ಮಾತೂ ನಿಜ’ ಎಂದು ಅರ್ಥೈಸುವವರುಂಟು. ವಿಕಿರಣದ ಪಾಠ ಹೇಳುವಾಗ ಈ ತೊಡಕು ನನಗೆ ಎದುರಾಗುತ್ತದೆ. “5ಜಿ ಗೋಪುರದಿಂದ ಕೊರೊನಾ ಬಂತೆಂಬುದೂ ಒಂದು ದೃಷ್ಟಿಯಲ್ಲವೇ, ಸರ್?” ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆ ವದಂತಿಯನ್ನು ನಂಬಿದವರು 2020ರಲ್ಲಿ ಬ್ರಿಟನ್ನಿನ ಗೋಪುರಗಳಿಗೆ ಬೆಂಕಿಯಿಟ್ಟರು.

ನಯವು ಪ್ರಮಾಣಕ್ಕೆ ಒಳಪಡಬೇಕು. ರೇಡಿಯೋ ತರಂಗವು ವೈರಾಣುವನ್ನು ಹೊತ್ತು ತರಲಾರದು. ಕ್ಷ-ಕಿರಣದಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಶಕ್ತಿಯೂ ಅದಕ್ಕಿಲ್ಲ. ಅಂಥ ಶಕ್ತಿಯುಳ್ಳ ವಿಕಿರಣವಾದರೂ ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲಿ ಅತ್ಯಲ್ಪ. 1986ರ ಚೆರ್ನೋಬಿಲ್‌ನಲ್ಲಿ ಪ್ರಾಣ ತೆಗೆಯುವಷ್ಟಿತ್ತು. ಆದ್ದರಿಂದ “ಯಾವ ವಿಕಿರಣ? ಎಷ್ಟು?” ಎಂದು ಮೊದಲು ಕೇಳುವುದನ್ನು ಕಲಿಸುತ್ತೇನೆ.

ಮಿಥ್ಯೋಪದೇಶವನ್ನು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ವಿಚಾರಿಸದೆ ಹರಡಿದ ಮಾತು ಬೆಂಕಿಯಾದಾಗ ಅಹಿಂಸೆಗೂ ಭಂಗ ಬರುತ್ತದೆ. ಕೇಳಿದ್ದನ್ನು ಪರೀಕ್ಷಿಸಿ ನುಡಿಯುವುದೂ ಶ್ರಾವಕಧರ್ಮವೇ.