ನಮ್ಮ ಹುಡುಗರು ಅಂತ ಸಹಿ ಹಾಕಬೇಡಿ

ಪತ್ರಿಕೋದ್ಯಮ ಸೇರುವ ಮುಂಚೆ ನಾವಿಬ್ಬರೂ ಬಿ.ಕಾಂ. ಓದುತ್ತಿದ್ದೆವು. ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಎಲ್ಲರೂ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ತರಲೇಬೇಕು ಅಂತ ಕಾಲೇಜಿನಲ್ಲಿ ಹೇಳಿದರು. ತಿಪಟೂರಿನ ಒಂದು ಖಾಸಗಿ ಬ್ಯಾಂಕಿನ ಸೇಲ್ಸ್ ವಿಭಾಗದಲ್ಲಿ ಏಪ್ರಿಲ್, ಮೇ ಎರಡು ತಿಂಗಳಿಗೆ ಜಾಗ ಸಿಕ್ಕಿತು. ಸಂಬಳ ಇಲ್ಲ. ಪೆಟ್ರೋಲಿಗೆ ಅಂತ ವಾರಕ್ಕೆ 500 ರೂಪಾಯಿ. ಊರಲ್ಲಿ ಮಾತ್ರ "ಹುಡುಗರಿಗೆ ಬ್ಯಾಂಕ್ ಕೆಲಸ ಸಿಕ್ತಂತೆ" ಅಂತ ಸುದ್ದಿಯಾಯಿತು.

ಮೊದಲ ದಿನ ಸೇಲ್ಸ್ ಆಫೀಸರ್ ನಮ್ಮ ಕೈಗೆ ಒಂದೊಂದು ಖಾಲಿ ಹಾಳೆ ಕೊಟ್ಟರು. "ನಿಮಗೆ ಪರಿಚಯ ಇರೋ 50 ಜನರ ಹೆಸರು, ಫೋನ್ ನಂಬರ್ ಬರೀರಿ. ಯಾರ ಕೈಗೆ ಯಾವಾಗ ದುಡ್ಡು ಬರುತ್ತೆ ಅಂತಾನೂ ಬರೀರಿ" ಅಂದರು. ದೊಡ್ಡಪ್ಪ, ಸೋದರತ್ತೆ, ಡೇರಿ ಸೆಕ್ರೆಟರಿ, ಕಿರಾಣಿ ಅಂಗಡಿಯವರು, ಪ್ರೈಮರಿ ಶಾಲೆಯ ಮೇಷ್ಟ್ರು ಎಲ್ಲರೂ ಹಾಳೆಗೆ ಬಂದರು. ಬ್ಯಾಂಕಿನ ಭಾಷೆಯಲ್ಲಿ ಈ ಹೆಸರುಗಳಿಗೆ 'ಲೀಡ್' ಅನ್ನುತ್ತಾರೆ.

ಸಂಜೆ ಬಸ್ಸಿನಲ್ಲಿ ನಾವಿಬ್ಬರೂ ಅದನ್ನೇ ಮಾತಾಡಿಕೊಂಡೆವು. ನಮಗೆ ಬ್ಯಾಂಕಿನ ಲೆಕ್ಕ ಗೊತ್ತಿಲ್ಲ, ಅವರು ಅದನ್ನು ಕೇಳಲೂ ಇಲ್ಲ. ಅವರಿಗೆ ಬೇಕಾಗಿದ್ದು ನಮ್ಮನ್ನು ನೋಡಿದರೆ "ಬಾರಪ್ಪ, ಕೂತ್ಕೋ" ಅನ್ನುವ ಮನೆಗಳು.

ಟಾರ್ಗೆಟ್ ಹೀಗಿತ್ತು: ಒಬ್ಬೊಬ್ಬರು 40 ಉಳಿತಾಯ ಖಾತೆ ತೆರೆಸಬೇಕು, 5 ವಿಮೆ ಪಾಲಿಸಿ ಮಾಡಿಸಬೇಕು. ಖಾತೆಯಲ್ಲಿ ತಿಂಗಳ ಸರಾಸರಿ 5,000 ರೂಪಾಯಿ ಇರಬೇಕು, ಇಲ್ಲದಿದ್ದರೆ ದಂಡ. ಡೇರಿ ದುಡ್ಡು ಬಂದ ದಿನವೇ ತೆಗೆಯುವ ಮನೆಯಲ್ಲಿ ಆ ಖಾತೆ ಹೇಗೆ ನಡೆದೀತು? ಅಂಥ ಕಡೆ ನಾವು ಬೇಸಿಕ್ ಉಳಿತಾಯ ಖಾತೆಯ ವಿಷಯ ಹೇಳುತ್ತಿದ್ದೆವು. ಕನಿಷ್ಠ ಬ್ಯಾಲೆನ್ಸ್ ಇಲ್ಲದ ಈ ಖಾತೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆದರೆ ಅದು ನಮ್ಮ ಟಾರ್ಗೆಟ್ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಅಜ್ಜಿಯ ಮನೆಗೆ ಹೋದೆವು, ಆಫೀಸರ್ ಕೂಡ ಬಂದಿದ್ದರು. ಅಜ್ಜಿ ಕೊಬ್ಬರಿ ಮಾರಿ ಬಂದಿದ್ದ 2 ಲಕ್ಷ ಇಟ್ಟುಕೊಂಡಿದ್ದರು. ಮೊಮ್ಮಗಳನ್ನು ಎರಡು ವರ್ಷದಲ್ಲಿ ನರ್ಸಿಂಗ್‌ಗೆ ಸೇರಿಸಬೇಕು, ಅಲ್ಲಿತನಕ ಎಫ್‌ಡಿ ಇಡಬೇಕು ಅಂತ ಆಸೆ. ಆಫೀಸರ್ ಬಣ್ಣದ ಕಾಗದ ಬಿಚ್ಚಿ, "ಅಮ್ಮ, ಎಫ್‌ಡಿಗಿಂತ ಒಳ್ಳೇದಿದೆ. ವರ್ಷಕ್ಕೆ ಒಂದು ಲಕ್ಷ ಕಟ್ಟಿ, ಕೊನೆಗೆ ದೊಡ್ಡ ಮೊತ್ತ ಬರುತ್ತೆ" ಅಂದರು. ಅಜ್ಜಿ ಕಾಗದ ನೋಡಲಿಲ್ಲ, ಆಫೀಸರ್ ಮುಖಾನೂ ನೋಡಲಿಲ್ಲ. ನಮ್ಮ ಕಡೆ ತಿರುಗಿ, "ಏನ್ರಪ್ಪ, ನೀವೇ ಹೇಳಿ, ಹಾಕ್ಲಾ?" ಅಂದರು.

ನಾವು ಇದ್ದದ್ದು ಹೇಳಿದೆವು: "ಅಜ್ಜಿ, ಇದು ಎಫ್‌ಡಿ ಅಲ್ಲ, ವಿಮೆ. ಐದು ವರ್ಷ, ವರ್ಷವರ್ಷವೂ ಲಕ್ಷ ಕಟ್ಟಬೇಕು. ಎರಡು ವರ್ಷಕ್ಕೇ ವಾಪಸ್ ಕೇಳಿದ್ರೆ ಹಾಕಿದಷ್ಟೂ ಬರಲ್ಲ."

"ಹಂಗಾದ್ರೆ ನಂಗ್ಯಾಕಪ್ಪ ಅದು?" ಅಂದ ಅಜ್ಜಿ ಎರಡು ವರ್ಷದ ಎಫ್‌ಡಿ ಮಾಡಿಸಿದರು.

ವಾಪಸ್ ಬರುವಾಗ ಟೀ ಅಂಗಡಿಯಲ್ಲಿ ಆಫೀಸರ್ ಮಾತು ತೆಗೆದರು. ಬೈಯಲಿಲ್ಲ. "ನಿಮಗೆ ಇದು ಎರಡು ತಿಂಗಳು ಅಷ್ಟೇ. ನನಗೆ ಪ್ರತಿ ತಿಂಗಳೂ ಇದೇ. ಟಾರ್ಗೆಟ್ ಆಗದಿದ್ರೆ ಯಾವ ಊರಿಗೆ ಎಸೀತಾರೋ ಗೊತ್ತಿಲ್ಲ" ಅಂದರು. ಅವರೂ ರೈತರ ಮಗನೇ. ಟೀ ದುಡ್ಡು ಅವರೇ ಕೊಟ್ಟರು. ಸೋಮವಾರದ ಮೀಟಿಂಗ್‌ನಲ್ಲಿ ನಮ್ಮ ಹೆಸರಿನ ಮುಂದೆ 'ವಿಮೆ: ಸೊನ್ನೆ' ಅಂತ ಎಲ್ಲರೆದುರು ಓದಿದರು. ಕೊನೆಗೆ ನಮ್ಮ ಜೊತೆಗಿದ್ದ ಇಬ್ಬರಿಗೆ ಡಿಗ್ರಿ ಮುಗಿದ ಮೇಲೆ ಕೆಲಸ ಕೊಡುತ್ತೇವೆ ಅಂದರು. ನಮಗೆ ಸರ್ಟಿಫಿಕೇಟ್ ಮಾತ್ರ ಸಿಕ್ಕಿತು. ಆ ಕೆಲಸ ನಮ್ಮ ಮನೆಗಳಿಗೂ ಬೇಕಾಗಿತ್ತು.

ಮನೆ ಬಾಗಿಲಿಗೆ ಬ್ಯಾಂಕ್ ಬರುವುದು ನಮ್ಮ ನಾಡಿಗೆ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಠೇವಣಿ ಶುರು ಮಾಡಿತ್ತು. ಏಜೆಂಟರು ಮನೆ, ಅಂಗಡಿ ತಿರುಗಿ ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಆ ಏಜೆಂಟ್ ನಾಳೆಯೂ ಅದೇ ಬಾಗಿಲಿಗೆ ಬರಬೇಕು, ಅದೇ ಮುಖ ನೋಡಬೇಕು. ಈಗ ಹಾಗಿಲ್ಲ. ಕಾಗದಕ್ಕೆ ಸಹಿ ಹಾಕಿಸಿಕೊಂಡವರು ಮುಂದಿನ ವರ್ಷ ಬೇರೆ ಊರಲ್ಲಿರುತ್ತಾರೆ. ಆದರೆ ಅಜ್ಜಿಯನ್ನು ನಾವು ದಿನಾ ಡೇರಿ ಹತ್ತಿರ ನೋಡಲೇಬೇಕಲ್ಲ.

ಇನ್ನೊಂದು ವಿಷಯವನ್ನೂ ಮನೆಮನೆಯಲ್ಲಿ ಕಂಡೆವು. "ನಮ್ಮ ಖಾತೆಯಿಂದ 436 ರೂಪಾಯಿ ಯಾರು ಕದ್ದರು?" ಅಂತ ಪಾಸ್‌ಬುಕ್ ಹಿಡಿದು ಕೇಳುವವರು ಬಹಳ. ಅದು ಕಳ್ಳತನ ಅಲ್ಲ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು, ಮೇ ಕೊನೆಯಲ್ಲಿ ಕಟ್ ಆಗುತ್ತದೆ. 20 ರೂಪಾಯಿ ಕಟ್ ಆಗಿದ್ದರೆ ಅದು ಸುರಕ್ಷಾ ಬಿಮಾ, ಅಪಘಾತದ್ದು. ಜೀವನ್ ಜ್ಯೋತಿಯಲ್ಲಿ ಖಾತೆದಾರರು ತೀರಿಕೊಂಡರೆ ಮನೆಯವರಿಗೆ 2 ಲಕ್ಷ ಬರುತ್ತದೆ, ಸುರಕ್ಷಾದಲ್ಲಿ ಅಪಘಾತದಿಂದ ತೀರಿಕೊಂಡರೆ 2 ಲಕ್ಷ. ಕಂತು ಕಟ್ ಆಗುವುದು ಗೊತ್ತು, ದುಡ್ಡು ಕೇಳಬಹುದು ಅನ್ನುವುದು ಗೊತ್ತಿಲ್ಲ. ಇವತ್ತೇ ಪಾಸ್‌ಬುಕ್ ನೋಡಿ, ಇದ್ದರೆ ಮನೆಯವರಿಗೂ ಹೇಳಿಡಿ.

ಬ್ಯಾಂಕಿನಿಂದ ಯಾರಾದರೂ ಮನೆಗೆ ಬಂದರೆ ಇಷ್ಟು ಕೇಳಿ:

1. ಇದು ಠೇವಣಿಯೋ, ವಿಮೆಯೋ? ಉತ್ತರವನ್ನು ಕಾಗದದ ಮೇಲೆ ಬರೆದು ಕೊಡಿ ಅನ್ನಿ.

2. ಎಷ್ಟು ವರ್ಷ ಕಟ್ಟಬೇಕು? ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತೆ?

3. ಸಾಲ ಬೇಕಾದರೆ ವಿಮೆ ಮಾಡಿಸಲೇಬೇಕು ಅಂದರೆ, ಆ ನಿಯಮ ಎಲ್ಲಿದೆ ತೋರಿಸಿ ಅನ್ನಿ.

ಜೀವ ವಿಮೆ ಪಾಲಿಸಿ ಈಗಾಗಲೇ ಮಾಡಿಸಿದ್ದು ಬೇಡ ಅನಿಸಿದರೆ, ಅದು ಕೈಸೇರಿದ 30 ದಿನದೊಳಗೆ ವಾಪಸ್ ಕೊಡಬಹುದು. ಸ್ವಲ್ಪ ಖರ್ಚು ಹಿಡಿದು ಉಳಿದ ದುಡ್ಡು ಕೊಡುತ್ತಾರೆ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಶಾಖೆಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದರ ಸಹಾಯವಾಣಿ 14448.

ಈ ಬೇಸಿಗೆಯಲ್ಲೂ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡು ನಿಮ್ಮ ಮನೆಗೆ ಬರುತ್ತಾರೆ. ಕೂರಿಸಿ, ಮಜ್ಜಿಗೆ ಕೊಡಿ, ಬಿಸಿಲಲ್ಲಿ ಬಂದಿರುತ್ತಾರೆ. ಆಮೇಲೆ ಈ ಮೂರು ಪ್ರಶ್ನೆ ಕೇಳಿ. ನಮ್ಮ ಮಕ್ಕಳೇ ಅಲ್ಲವಾ ಅಂತ ಸುಮ್ಮನೆ ಸಹಿ ಹಾಕಬೇಡಿ. ನೀವು ಕೇಳಿದರೆ ಅವರಿಗೂ ಸುಳ್ಳು ಹೇಳುವ ಕಷ್ಟ ತಪ್ಪುತ್ತದೆ.