ಆಷಾಢದಲ್ಲಿ ಜೋಡಿ ಸೇರುವ ಊರು

ಆಷಾಢ ಬಂತೆಂದರೆ ನಮ್ಮ ಕಡೆ ಹೊಸ ಮದುಮಗಳು ತವರಿಗೆ ಹೊರಟಳೆಂದೇ ಅರ್ಥ. ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ-ಹೆಂಡತಿ ಒಟ್ಟಿಗಿರಬಾರದು. ಆ ಒಂದು ತಿಂಗಳು ನಿಮ್ಮಲ್ಲೂ ಎಷ್ಟೋ ಜನ ಬೆರಳು ಮಡಿಸಿ ದಿನ ಎಣಿಸಿದವರೇ, ಅಲ್ಲವೇ? ಆದರೆ ಇದೇ ತಿಂಗಳಲ್ಲಿ, ಅಗಲಿದ ಜೋಡಿಯನ್ನು ಕರೆದು ಪಕ್ಕಪಕ್ಕದಲ್ಲಿ ನಿಲ್ಲಿಸುವ ಊರೊಂದಿದೆ. ಅದೇ ಚಾಮರಾಜನಗರ.

ಮೈಸೂರಿನಿಂದ ನಂಜನಗೂಡು ದಾಟಿ ಬರುವ ರೈಲು ಇಲ್ಲಿಗೇ ಕೊನೆ. ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲೇ. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗ, ದೊರೆಯಾದ ಮೇಲೆ ಊರಿಗೆ ಅವರ ಹೆಸರಿಟ್ಟರು. 1826ರಲ್ಲಿ ಗುಡಿ ಕಟ್ಟಿಸಿದರು. ತಂದೆಯ ಹೆಸರಿನಲ್ಲಿ ಚಾಮರಾಜೇಶ್ವರ, ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರಿನಲ್ಲಿ ಕೆಂಪನಂಜಾಂಬ. ಅಗಲಿದ ಅಪ್ಪ-ಅಮ್ಮನ ಹೆಸರನ್ನು ಮಗ ಒಂದೇ ಸೂರಿನಡಿ ಸೇರಿಸಿಟ್ಟ ಹಾಗಾಯಿತು ನೋಡಿ!

ಆಷಾಢ ಹುಣ್ಣಿಮೆಯ ಸುಮಾರಿಗೆ ಇಲ್ಲಿ ತೇರು. ತವರಿನಿಂದ ಅವಳು, ಮನೆಯಿಂದ ಅವನು ಬಂದು, ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿನತ್ತ ಎಸೆಯುತ್ತಾರೆ. 2017ರ ಫೆಬ್ರವರಿಯಲ್ಲಿ ಆ ಹಳೆಯ ತೇರಿಗೆ ಕಿಡಿಗೇಡಿಯೊಬ್ಬ ಬೆಂಕಿಯಿಟ್ಟ. ಐದು ವರ್ಷ ತೇರಿನ ಸಡಗರವಿಲ್ಲದೆ ಆಷಾಢ ಕಳೆಯಿತು. ಜನ ಹಾಗೇ ಬಿಟ್ಟುಬಿಡಲಿಲ್ಲ. ಹೊಸ ತೇರು ಬಂತು, 2022ರ ಜುಲೈನಲ್ಲಿ ಮತ್ತೆ ಎಳೆದರು. ‘ಮೊದಲಿನದಲ್ಲ’ ಅಂತ ಯಾರೂ ಹಣ್ಣು ಎಸೆಯದೆ ಹಿಂದಿರುಗಲಿಲ್ಲ.

ಈಗ ಒಂದು ಮಾತು ಕೇಳಲೇ? ತೇರಿಗೆ ಸಿಕ್ಕ ಈ ಎರಡನೆಯ ಅವಕಾಶ ಮನುಷ್ಯರಿಗೆ ಬೇಡವೇ? ಕಾಲೇಜಿನಲ್ಲಿ ನೋಟ್ಸಿನ ಜೊತೆ ಮನಸ್ಸೂ ಕೊಟ್ಟವರು ಎಷ್ಟು ಮಂದಿ! ಜಾತಿ, ಜಾತಕ, ಅಪ್ಪನ ಸಿಟ್ಟು, ಹುಡುಗನಿಗೆ ಸಿಗದ ಕೆಲಸ, ಹೀಗೆ ಒಂದಲ್ಲ ಒಂದಕ್ಕೆ ಅಗಲಿದರು. ಮೂವತ್ತು ವರ್ಷದ ಮೇಲೆ, ಗಂಡನನ್ನು ಕಳೆದುಕೊಂಡ ಅವಳಿಗೆ, ಒಂಟಿಯಾದ ಅವನು ಯಾರದೋ ಮದುವೆ ಪಂಕ್ತಿಯಲ್ಲಿ ಎದುರಾದರೆ? ‘ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?’ ಅಂತ ಮೊದಲು ಮೂಗು ಮುರಿಯೋದು ಯಾರು ಹೇಳಿ? ನಾವು ಹೆಂಗಸರೇ! ವಿಧವೆಯ ಮರುಮದುವೆಗೆ ಕಾನೂನು ಒಪ್ಪಿದ್ದು 1856ರಲ್ಲಿ. ನಮ್ಮ ಜಗಲಿ ಇನ್ನೂ ಒಪ್ಪಿಲ್ಲ. ಬೇರೊಬ್ಬರ ಸಂಸಾರ ಮುರಿಯಬಾರದು, ಅದು ಸರಿ. ಇಬ್ಬರೂ ಒಂಟಿಯಾಗಿದ್ದರೆ ತಡೆಯೋಕೆ ನಾವು ಯಾರು?

ಇಂಥ ಜೋಡಿಗೂ, ಓದುವಾಗಲೇ ಮೆಚ್ಚಿ ಮದುವೆಯಾಗಿ ಈಗ ಹಾಲಿನ ಲೆಕ್ಕ ಬಿಟ್ಟರೆ ಬೇರೆ ಮಾತೇ ಇಲ್ಲದ ಜೋಡಿಗೂ ಹೇಳಿಮಾಡಿಸಿದ್ದು ಇಲ್ಲಿಂದ ಗುಂಡ್ಲುಪೇಟೆಯ ದಾರಿ. ತೆರಕಣಾಂಬಿಯ ಮೇಲೆ ಬಸ್ಸಿನಲ್ಲಿ ಹೊರಡಿ. ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂ, ಸೂರ್ಯಕಾಂತಿ ಅರಳಿರುತ್ತವೆ. ಹೊಲಕ್ಕೆ ಇಳಿಯುವ ಮುನ್ನ ರೈತರನ್ನು ಒಂದು ಮಾತು ಕೇಳಿ. ಅದು ಅವರ ಅನ್ನ.

ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1454 ಮೀಟರ್. ಬಂಡೀಪುರ ಕಾಡಿನೊಳಗೆ ಇರುವುದರಿಂದ ಸ್ವಂತ ಗಾಡಿ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಗುಡಿಯಲ್ಲಿ ಕೊಳಲೂದುವ ವೇಣುಗೋಪಾಲ, ಹೊರಗೆ ಮಂಜು. ಶಾಲು ಮರೆಯಬೇಡಿ. ಚಿತ್ರಾನ್ನ ಬುಡದಲ್ಲೇ ಮುಗಿಸಿ, ಪ್ಲಾಸ್ಟಿಕ್ ಕವರು ಒಯ್ಯಬೇಡಿ. ಸಂಜೆಗೆ ಮುಂಚೆ ಇಳಿದುಬಿಡಿ.

ಗುಂಡ್ಲುಪೇಟೆಯಿಂದ ಊಟಿಗೂ ಕೇರಳಕ್ಕೂ ಹೋಗುವ ಕಾಡುರಸ್ತೆಗೆ 2009ರಿಂದ ರಾತ್ರಿ 9ಕ್ಕೆ ಗೇಟು ಬೀಳುತ್ತದೆ, ಆನೆ-ಜಿಂಕೆಗಳ ಜೀವ ಉಳಿಯಲೆಂದು. ಬೆಳಿಗ್ಗೆ 6ಕ್ಕೆ ಮತ್ತೆ ತೆಗೆಯುತ್ತದೆ. ಮುಚ್ಚಿದ ಗೇಟು ಬೆಳಗಾದರೆ ತೆರೆಯಲೇಬೇಕು, ಅಷ್ಟೆ.

ಮುಂದಿನ ಆಷಾಢಕ್ಕೆ ನಿಮ್ಮವರನ್ನು ಕರೆದುಕೊಂಡು ಹೋಗಿಬನ್ನಿ. ನಿಮ್ಮ ಪರಿಚಯದಲ್ಲಿ ತಡವಾಗಿ ಕೂಡಿದ ಜೋಡಿಯೊಂದಿದ್ದರೆ, ಅವರ ಕೈಗೂ ಒಂದು ಹಣ್ಣು, ಒಂದು ಎಸಳು ದವನ ಕೊಡಿ.